ಹಿಟ್ಟಿನ ಸಾಹೇಬ

ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ ಬಾಳಮ್ಮ ಅದರ ಮೇಲೆ ನೀರು ಸವರುತ್ತಿದ್ದಾಗ ಪಡಸಾಲೆಯಿಂದ ಭಾವ ಖಂಡೆಪ್ಪನ ಕೆಮ್ಮು ಕೇಳಿಸಿತು. ನಾನು ಬಂದಿದ್ದೇನೆ, ಸೆರಗು ಸರಿಮಾಡಿಕೊ ಎಂದು ಹೇಳುವ ಕೆಮ್ಮು ಅದು. ಹಲಸಂಗಿಯ ಆ ಮನೆಯಲ್ಲಿ ಗಂಡಸರು ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ದಾಟುತ್ತಿದ್ದವನು ಒಬ್ಬನೇ. ಅವನು ತೀರಿಕೊಂಡು ತಿಂಗಳಾಗುತ್ತ ಬಂದಿತ್ತು.

ಅವಳ ಗಂಡ ಶ್ರೀಶೈಲಪ್ಪ ವಾಯುಸೇನೆಯಲ್ಲಿ ಡಕೋಟಾ ವಿಮಾನ ಹಾರಿಸಿದವನು. ಅರವತ್ತೊಂಬತ್ತರಲ್ಲಿ ನಿವೃತ್ತನಾಗಿ ಊರಿಗೆ ಬಂದು ಹೊಲದಲ್ಲಿ ನಿಂಬೆ ಸಸಿ ಹಚ್ಚಿದ್ದ. ಗಿಡ ಫಲಕ್ಕೆ ಬಂದ ಎಪ್ಪತ್ನಾಲ್ಕರ ಬೇಸಿಗೆಯಲ್ಲಿ, ಬಾವಿಕಟ್ಟೆಯ ಮೇಲೆ ಕೂತವನು ಕೂತ ಹಾಗೆಯೇ ಹೋಗಿಬಿಟ್ಟ.

"ಬಾಳವ್ವ, ಐತ್ವಾರ ಇಂಡಿ ಪ್ಯಾಟ್ಯಾಗ ಶ್ರೀಶೈಲನ ಹೆಸರಲೆ ಸಭಾ ಐತಿ," ಎಂದ ಖಂಡೆಪ್ಪ ಹೊಸ್ತಿಲಾಚೆ ನಿಂತು. "ಬಿಜಾಪುರದಿಂದ ದೊಡ್ಡ ಮಂದಿ ಬರಾಕತ್ತಾರ. ಹೊಸಾ ಸಾಲಿಗೆ ಅವನ ಹೆಸರ ಇಡೂದು ಪಕ್ಕಾ ಆದಂಗ. ನೀ ಸ್ಟೇಜಿನ ಮ್ಯಾಲ ಕೂಡಬೇಕು."

"ಕುಂತು ಏನ್ ಮಾಡ್ಲಿರಿ?"

"ಏನೂ ಮಾಡಬ್ಯಾಡ. ನಾ ಮಾತಾಡ್ತೇನಿ. ವೈರಿ ದೇಶದ ಮ್ಯಾಲ ಬಾಂಬ್ ಹಾಕಿ ಊರಿಗೂರ ಸುಟ್ಟ ಬಂದಾ ನನ್ನ ತಮ್ಮಾ ಅಂತೇನಿ. ಯಾರರ ನಿನ್ನ ಕೇಳಿದ್ರ ಹೂಂ ಅನ್ನು, ಸಾಕು."

ಬಾಳಮ್ಮ ರೊಟ್ಟಿ ತಿರುವಿ ಹಾಕಿದಳು. "ಅವರು ಬಾಂಬ್ ಹಾಕ್ಲಿಲ್ಲಲ್ಲರಿ. ಹಿಟ್ಟ ಹಾಕಿದ್ರು."

"ನೋಡು, ಅದೊಂದ ಮಾತ ಬ್ಯಾಡ! ಹಿಟ್ಟ ಒಗದಾ ಅಂತ ಮೈಕಿನ್ಯಾಗ ಹೇಳಿದ್ರ ಮಂದಿ ಬಿದ್ದ ಬಿದ್ದ ನಗ್ತಾರ. ಅಂವ ಇದ್ದಾಗ ನಕ್ಕಿದ್ದು ಸಾಲದನು?"

ಊರು ನಕ್ಕಿದ್ದು ನಿಜ. ಶ್ರೀಶೈಲಪ್ಪ ಬಂದ ಹೊಸದರಲ್ಲಿ ಕಟ್ಟೆಯ ಮಂದಿ ಅವನನ್ನು ಸುತ್ತುಗಟ್ಟಿ, "ಎಷ್ಟ ಮಂದೀನ ಹೊಡದ್ರಿ ಸಾಹೇಬ್ರ?" ಎಂದು ಕೇಳಿದ್ದರು.

"ಒಬ್ಬನ್ನೂ ಇಲ್ಲಪಾ. ಗುಡ್ಡದ ಮ್ಯಾಲ ನಮ್ಮ ಸಿಪಾಯಿಗಳು ಇರ್ತಿದ್ರು. ಅವರಿಗೆ ಹಿಟ್ಟಿನ ಚೀಲ ಒಗೀತಿದ್ದೆ, ಬ್ಯಾಳಿ ಒಗೀತಿದ್ದೆ. ಒಮ್ಮೊಮ್ಮೆ ಜೀವಂತ ಕುರಿ."

"ಕುರಿಗೂ ಛತ್ರಿ ಕಟ್ತಿದ್ರೇನ್ರಿ?"

"ಕಟ್ತಿದ್ವಿ. ನಿನಕಿಂತ ಛಲೋ ಇಳೀತಿದ್ವು."

ಅಂದಿನಿಂದ ಅವನು ಹಿಟ್ಟಿನ ಸಾಹೇಬನಾದ. ಆ ಹೆಸರು ಅವನಿಗೆ ಹಿಡಿಸಿತ್ತು. ಅಣ್ಣನಿಗೆ ಮಾತ್ರ ಅದು ಅಂಗಿಯೊಳಗೆ ಹೊಕ್ಕ ಇರುವೆ.

ಆ ಹಿಟ್ಟಿನ ಬೆಲೆ ಬಾಳಮ್ಮನಿಗೆ ಗೊತ್ತಿತ್ತು. ಚೀಲದೊಳಗೆ ಚೀಲ ಇಟ್ಟು, ಒಳಗಿನದನ್ನು ಬಿಗಿಯದೆ ಸಡಿಲ ತುಂಬಬೇಕು, ಒಳಗಿನದು ಒಡೆದರೂ ಹೊರಗಿನದು ತಡೆಯುತ್ತದೆ ಎಂದು ಅವನು ಹಳೆಯ ಬಟ್ಟೆಯಲ್ಲಿ ಕಟ್ಟಿ ತೋರಿಸಿದ್ದ. ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ವಿಮಾನವನ್ನು ಕೆಳಗಿಳಿಸಿ, ಗುಂಡು ಹಾರುವಾಗಲೂ ರೆಕ್ಕೆ ಅಲುಗಿಸದೆ ಹಿಡಿಯಬೇಕು. ಅದು ಸುಟ್ಟು ಬರುವುದಕ್ಕಿಂತ ಸುಲಭದ ಕೆಲಸವೆಂದು ಯಾರು ಹೇಳಿದರು?

ಒಮ್ಮೆ ಮೋಡ ಬಿಡದೆ ಅವನು ಹೊತ್ತ ಚೀಲಗಳನ್ನು ಹಾಗೆಯೇ ತಿರುಗಿ ತಂದಿದ್ದ. ಆ ದಿನ ದಂಡಿನ ಊರಿನ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಊಟಕ್ಕೆ ಕೈ ಹಾಕಲಿಲ್ಲ. "ವಿಮಾನದ ಸಪ್ಪಳ ಕೇಳಿರ್ತಾರ ಬಾಳಾ, ಆ ಹುಡುಗರು. ಮ್ಯಾಲ ನೋಡ್ಕೋತ ನಿಂತಿರ್ತಾರ. ನಾ ಬಂದಬಿಟ್ಟೆ," ಎಂದ. ಆಮೇಲೆ ಕೇಳಿದ: "ನಿಂದು ಊಟಾತೇನು?" ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಮಾತು ಕೇಳಿದ್ದು ಅದೇ ಮೊದಲು. ಅಂದಿನಿಂದ ಅವಳ ತಟ್ಟೆ ಪಕ್ಕದಲ್ಲಿಲ್ಲದೆ ಅವನು ತುತ್ತು ಎತ್ತಲಿಲ್ಲ. ಹಲಸಂಗಿಗೆ ಬಂದ ಮೇಲೂ ಬಿಡಲಿಲ್ಲ. ಮಗಳು ಕಸ್ತೂರಿಯ ಜಡೆ ಹೆಣೆಯುವುದನ್ನೂ ಬಿಡಲಿಲ್ಲ. ಅತ್ತೆ ಹಣೆ ಚಚ್ಚಿಕೊಂಡರು, ಓಣಿ ಬಾಯಿಗೆ ಸೆರಗು ಮುಚ್ಚಿಕೊಂಡಿತು. ಅವನು ಮಾತ್ರ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಇನ್ನೊಂದ ಖಡಕ್ ಮಾಡು," ಎನ್ನುತ್ತಿದ್ದ.

ಈಗ ಅಂಥವನನ್ನು ಊರು ಸುಟ್ಟವನನ್ನಾಗಿ ಮಾಡುತ್ತಾರೆ. ಸಿಂದಗಿಯಲ್ಲಿರುವ ಕಸ್ತೂರಿಯ ಮಗು ನಾಳೆ ಆ ಶಾಲೆಯ ಮುಂದೆ ನಿಂತು, ನನ್ನ ಅಜ್ಜ ಇಷ್ಟು ಮಂದಿಯನ್ನು ಕೊಂದ ಎಂದು ಹೆಮ್ಮೆಪಡುತ್ತದೆ. ಹಾಗಾದರೆ ತನ್ನೊಂದಿಗೆ ಇಪ್ಪತ್ತು ವರ್ಷ ಬಾಳಿದವನು ಯಾರು?

"ನಾ ಹೂಂ ಅನ್ನೂದಿಲ್ರಿ," ಎಂದಳು ಬಾಳಮ್ಮ.

ಖಂಡೆಪ್ಪನಿಗೆ ಈ ಮನೆಯ ಹೆಂಗಸರಿಂದ ಇಲ್ಲ ಎಂಬ ಮಾತು ಕೇಳಿ ರೂಢಿಯಿರಲಿಲ್ಲ. "ಅನ್ನದಿದ್ರ ಸುಮ್ಮ ಕೂಡು. ಹೆಣ್ಣಮಗಳ ಕೈಯಾಗ ಮೈಕ ಯಾರ ಕೊಡ್ತಾರ?"

ಅಷ್ಟರಲ್ಲಿ ಅಂಗಳದಲ್ಲಿ ಅಳು ಎದ್ದಿತು. ತವರೂರು ಕನ್ನೊಳ್ಳಿಯಿಂದ ಬಾಳಮ್ಮನ ತಾಯಿಯ ತಂಗಿ, ಚಿಗವ್ವ ಸಿದ್ದಲಿಂಗವ್ವ ಮಾತಾಡಿಸಲು ಬಂದಿದ್ದಳು. ನಾಲ್ಕೂರಲ್ಲಿ ಯಾರು ಸತ್ತರೂ ಹಾಡ್ಯಾಡಿ ಅಳಲು ಅವಳೇ ಬೇಕು. ಸತ್ತವನ ಗುಣವನ್ನೆಲ್ಲ ಹಾಡು ಕಟ್ಟಿ ಅಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಿಂದಿನಿಂದ ಪಕ್ಕದ ಮನೆಯ ಹೊನ್ನವ್ವನೂ ಓಣಿಯ ಹೆಂಗಸರೂ ಬಂದರು. ಸಿದ್ದಲಿಂಗವ್ವ, ಒಲೆ ಬಿಟ್ಟು ಹೊರಗೆ ಬಂದ ಬಾಳಮ್ಮನ ಕೊರಳಿಗೆ ಬಿದ್ದು ದನಿ ಎತ್ತಿದಳು:

"ಕುದುರಿ ಏರಿದ ಧಣಿಯೇ, ಕತ್ತಿ ಹಿರಿದ ದೊರೆಯೇ, ವೈರಿಯ ಕ್ವಾಟಿ ಒಡದೆಲ್ಲೊ…"

"ಯವ್ವಾ, ಕುದುರಿ ಎಲ್ಲಿಂದ ಬಂತ?" ಹೊನ್ನವ್ವ ಪಿಸುಗುಟ್ಟಿದಳು. "ಅವರಿಗೆ ಸೈಕಲ್ಲಽ ಸರಿ ಹೊಡ್ಯಾಕ ಬರ್ತಿರಲಿಲ್ಲ."

ಬಾಳಮ್ಮನಿಗೆ ನಗು ಬಂತು. ಪಾಪ, ಚಿಗವ್ವನ ಹಾಡಿನಲ್ಲಿ ದಂಡಿಗೆ ಹೋದ ಗಂಡಸು ಎಂದರೆ ಕುದುರೆ ಮತ್ತು ಕತ್ತಿ. ವಿಮಾನಕ್ಕೆ ಅಲ್ಲಿ ಇನ್ನೂ ಜಾಗ ಆಗಿರಲಿಲ್ಲ.

ಹಾಡು ಕೋಟೆ ದಾಟಿ ಒಕ್ಕಲುತನಕ್ಕೆ ಬಂತು, ಅಲ್ಲಿಂದ ಮದುವೆಯ ಹಂದರಕ್ಕೆ ಬಂತು. ಖಂಡೆಪ್ಪ ಗಡಿಯಾರ ನೋಡಿಕೊಂಡ. "ಸಾಕ್ ಮಾಡ್ರಿ ಇನ್ನ. ಜೀಪ್ ಕಾಯಾಕತ್ತೈತಿ, ಇಕಿ ಕೂಡ ಮಾತಾಡೂದೈತಿ."

ಸಿದ್ದಲಿಂಗವ್ವ ನಿಲ್ಲಿಸಲಿಲ್ಲ. ಹೊನ್ನವ್ವನೇ ತಿರುಗಿಬಿದ್ದಳು. "ಹಾಡ್ಯಾಡಿ ಅಳೋಳ್ನ ನಡುವ ತಡೀಬಾರದ್ರಿ! ಸತ್ತವರು ಹಾದ್ಯಾಗಽ ನಿಂತ ಬಿಡ್ತಾರ. ನಿಮ್ಮ ತಮ್ಮನ್ನ ನೀವಽ ನಿಲ್ಲಸ್ತೀರೇನು?"

ಪಂಚಾಯಿತಿಯಲ್ಲಿ ಹತ್ತು ಮಂದಿಯ ಬಾಯಿ ಮುಚ್ಚಿಸುವ ಖಂಡೆಪ್ಪ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು, ಗೋಡೆಗೆ ಒರಗಿ ನಿಂತ. ಮುದುಕಿ ತನ್ನ ಮನಸ್ಸಿಗೆ ಬಂದಷ್ಟು ಹೊತ್ತು ಹಾಡಿದಳು. ಅವನು ಮನಸ್ಸಿಲ್ಲದಿದ್ದರೂ ನಿಂತು ಕೇಳಿದ. ಬಾಳಮ್ಮ ಅವನನ್ನೇ ನೋಡುತ್ತಿದ್ದಳು.

ಅಳು ಮುಗಿಸಿ ಕಣ್ಣೊರೆಸಿಕೊಂಡು ಸಿದ್ದಲಿಂಗವ್ವ ಗದರಿದಳು: "ಗಂಡ ಹೋಗಿ ತಿಂಗಳಾತು, ನೀ ಒಂದ ನುಡಿ ಹಾಡ್ಯಾಡಿ ಅಳಲಿಲ್ಲಂತ. ದಂಡಿನ ಊರಾಗ ಇದ್ದು ಮರ್ತೇನು?"

"ಮರ್ತಿಲ್ಲ ಚಿಗವ್ವ."

"ಮತ್ತ? ಎದಿಯಾಗ ಇಟ್ಕೊಂಡ್ರ ಹುಳಿ ಬರ್ತೈತಿ ನೋಡು."

ಖಂಡೆಪ್ಪನಿಗೆ ಮಾತಿಗೆ ದಾರಿ ಸಿಕ್ಕಿತು. ಟೊಪ್ಪಿಗೆ ಹಾಕಿಕೊಂಡು, "ಖರೆ ಅಂದಿ ನೋಡ ಅತ್ತಿ," ಎಂದ. "ಬಾಳವ್ವ, ಹೂಂ ಅನ್ನದಿದ್ರ ಬ್ಯಾಡ. ಸ್ಟೇಜಿನ ಮ್ಯಾಲ ಕುಂತ ಅಳು. ಗಂಡನ್ನ ನೆನಸಿ ಹೆಂಡ್ತಿ ಅತ್ರ ಮಂದಿಗೂ ಛಲೋ ಕಾಣ್ತೈತಿ. ಐತ್ವಾರ ಮುಂಜಾನೆ ಜೀಪ್ ಕಳಸ್ತೇನಿ. ಬರ್ತಿ ಹೌದಲ್ಲೊ?"

"ಬರ್ತೇನ್ರಿ," ಎಂದಳು ಬಾಳಮ್ಮ.

"ಹಾಂ! ಹಿಂಗ ಶಾಣ್ಯಾತನದಾಗ ಇರಬೇಕು." ಅವನು ಗೆದ್ದವನ ಹೆಜ್ಜೆ ಹಾಕುತ್ತ ಹೊರಟುಹೋದ.

"ಅದ್ಯಾಕ ಒಪ್ಪಿದೆವ್ವ?" ಹೊನ್ನವ್ವನ ಮುಖ ಸಣ್ಣದಾಯಿತು. "ಬಾಂಬಿನ ಕಥಿ ಕೇಳ್ಕೋತ ಕೂಡ್ತಿ?"

ಬಾಳಮ್ಮ ಒಳಗೆ ಹೋಗಿ ಹಂಚಿನ ಮುಂದೆ ಕೂತಳು. ಬೆಂಕಿ ಮುಂದಕ್ಕೆ ಎಳೆದಳು. ಕೈ ಹಿಟ್ಟು ನಾದುತ್ತಿತ್ತು, ಒಳಗೆ ನುಡಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಮುಗಿಲಿನಿಂದ ಹಿಟ್ಟ ಇಳಿಸಿದ ನನ್ನ ರಾಯಾ, ಹಸಿದವರು ಮ್ಯಾಲ ನೋಡ್ಯಾರ… ಕುರಿಗೂ ಒಂದು ನುಡಿ ಬೇಕು. ಜಡೆಗೊಂದು, ತನ್ನ ತಟ್ಟೆಗೊಂದು. ಭಾವನ ಭಾಷಣ ಮುಗಿಯಲಿ, ಚಪ್ಪಾಳೆಯೂ ಮುಗಿಯಲಿ. ಆಮೇಲೆ ಮೈಕಿನ ಹತ್ತಿರ ಕೂತೇ ದನಿ ಎತ್ತುತ್ತೇನೆ. ಬಿಜಾಪುರದ ದೊಡ್ಡ ಮಂದಿ ನಗಲಿ, ಬಿದ್ದು ಬಿದ್ದು ನಗಲಿ. ಹಾಡ್ಯಾಡಿ ಅಳುವವಳನ್ನು ತಡೆಯುವ ಗಂಡಸು ಇಂಡಿಯಲ್ಲಿ ಇದ್ದರೆ ಎದ್ದು ಬರಲಿ ನೋಡೋಣ.

"ಚಿಗವ್ವ, ಹೊನ್ನವ್ವ, ಊಟಕ್ಕ ಬರ್ರಿ," ಎಂದಷ್ಟೇ ಕೂಗಿ, ಅವಳು ಮುಂದಿನ ರೊಟ್ಟಿ ತಟ್ಟತೊಡಗಿದಳು.