ಟಕ್ ಎನ್ನದ ಮೊಣಕೈ

ಫಿನಾಯಿಲ್ ವಾಸನೆ, ಅದರ ಹಿಂದೆಯೇ ಎಲ್ಲಿಂದಲೋ ಒಗ್ಗರಣೆ ವಾಸನೆ, ಆಸ್ಪತ್ರೆಯಲ್ಲೂ ಊಟದ ಹೊತ್ತಾಯಿತೇನೋ, ನನ್ನ ಹೆಂಡತಿ ಸೊಣ್ಣಮ್ಮ ನಿನ್ನೆಯಿಂದ ಹನಿ ನೀರು ಕುಡಿದಿಲ್ಲ, ಆ ಹಸಿರು ಬಾಗಿಲಿನ ಒಳಗೆ ಅವಳ ಬಲ ಮೊಣಕೈ ಕೊಯ್ಯುತ್ತಿದ್ದಾರೆ, ನಾನು ಹೊರಗೆ ಬೆಂಚಿನ ಮೇಲೆ, ಪುಟ್ಟೇನಹಳ್ಳಿಯ ಮೂಳೆ ಕಟ್ಟುವ ತಿಮ್ಮರಾಯಪ್ಪ, ಥೂ — ಎಪ್ಪತ್ತೆಂಟನೇ ಇಸವಿಯಲ್ಲಿ ಹೊಲವೆಲ್ಲ ಸೈಟುಗಳಾಗಿ ಹೋದ ಮೇಲೆ ಉಳಿದದ್ದು ಆ ಹೆಸರೊಂದೇ, ಎತ್ತಿನ ಕಾಲು, ಗಾರೆಯವರ ಮಣಿಕಟ್ಟು, ಹೊಸ ಮನೆಗಳ ಆಫೀಸರುಗಳೂ ಸ್ಕೂಟರಿನಲ್ಲಿ ಬರುತ್ತಿದ್ದರು, ಯಜಮಾನ್ರೇ ಸ್ವಲ್ಪ ನೋಡಿ ಅಂತ, ಅದಕ್ಕೇ ನನಗೆ ಕೊಬ್ಬು — ಎರಡು ತಿಂಗಳ ಹಿಂದೆ ಅವಳು ಕೊಟ್ಟಿಗೆ ಮುಂದೆ ಜಾರಿ ಅಂಗೈ ಊರಿ ಬಿದ್ದಳು, ಮೊಣಕೈ ಹಿಂದಕ್ಕೆ ಗೂಟದ ಹಾಗೆ ಎದ್ದಿತ್ತು, ಪಕ್ಕದ ಮನೆಯ ಅಲಮೇಲು ಆಗಲೇ ಹೇಳಿದರು, ಎಕ್ಸ್‌ರೇ ತೆಗೆಸಿ ಯಜಮಾನ್ರೇ, ಆಟೋ ತರಿಸ್ಲಾ, ನಾನು ನಕ್ಕೆ, ಜಗಲಿ ತುಂಬ ಜನ ನೋಡುತ್ತಿದ್ದರು, ಎಳೆದೆ, ಅಯ್ಯಯ್ಯೋ ಬ್ಯಾಡ ಕಣಯ್ಯಾ ಸಾಯ್ತೀನಿ, ಮತ್ತೆ ಎಳೆದೆ, ಕೀಲು ಕೂತರೆ ಟಕ್ ಎನ್ನಬೇಕು, ಬೆರಳಿಗೆ ತಿಳಿಯುತ್ತದೆ, ಎನ್ನಲಿಲ್ಲ, ಒಳಗೆ ಏನೋ ಕರಕರ ಎಂದಿತು, ನನಗೆ ಗೊತ್ತಿತ್ತು, ದೇವರಾಣೆ ಗೊತ್ತಿತ್ತು, ಆದರೂ ಅಷ್ಟು ಜನರ ಎದುರು, ಕುಂತ್ಕೊಂತು ಅಂದುಬಿಟ್ಟೆ, ಮೊಟ್ಟೆ ಲೋಳೆ, ಉದ್ದಿನ ಹಿಟ್ಟು, ಬಿದಿರ ದಬ್ಬೆ, ಆ ಸುಳ್ಳನ್ನೂ ಸೇರಿಸಿ ಬಿಗಿಯಾಗಿ ಕಟ್ಟಿದೆ.

ನಲವತ್ತು ದಿನಕ್ಕೆ ಬಿಚ್ಚಿದರೆ ಕೈ ಅರ್ಧಕ್ಕೆ ನಿಂತಿತ್ತು, ಮಡಚದು, ಚಾಚದು, ಮುದ್ದೆ ಮುರಿದು ಎತ್ತಿದರೆ ಬಾಯಿಗೆ ಒಂದು ಗೇಣು ಇರುವಾಗಲೇ ನಿಲ್ಲುತ್ತದೆ, ನನಗೆ ಕಾಣದಿರಲಿ ಅಂತ ಗೋಡೆಗೆ ತಿರುಗಿ ಕತ್ತು ಬಗ್ಗಿಸಿ ತಿನ್ನುತ್ತಾಳೆ — ಕೊನೆಗೆ ಇಲ್ಲಿಗೆ ಕರೆತಂದೆ, ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರು, ಕೀಲು ಇನ್ನೂ ಹೊರಗೇ ಇದೆ, ಮೂಳೆನೂ ಮುರಿದಿದೆ, ಅವತ್ತೇ ಬಂದಿದ್ರೆ ಸುಲಭ ಇತ್ತು, ಈಗ ಕೊಯ್ದು ಕೂರಿಸ್ಬೇಕು, ಎಷ್ಟು ಮಡಚುತ್ತೋ ಹೇಳಕ್ಕಾಗಲ್ಲ, ಯಾರಮ್ಮ ಕಟ್ಟಿದ್ದು, ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಯಾರೋ ದಾರೀಲಿ ಹೋಗೋನು ಸಾಮಿ, ಹೆಸ್ರು ಗೊತ್ತಿಲ್ಲ, ನಾನೇ ಕಟ್ಟಿದ್ದು ಅನ್ನಬಹುದಿತ್ತು, ಒಂದೇ ಮಾತು, ಟವಲನ್ನು ಹೆಗಲ ಮೇಲೆ ಸರಿ ಮಾಡಿಕೊಂಡೆ — ಹಸಿರು ಬಾಗಿಲು ತೆರೆಯಿತು, ನರ್ಸು, ಸೊಣ್ಣಮ್ಮನ ಕಡೆಯವ್ರು ಯಾರು, ನಾನು ಏಳಬೇಕು, ಇನ್ನೊಂದು ಸಲ ಕೇಳುತ್ತಾಳೆ, ಯಾರ್ರೀ ಕಡೆಯವ್ರು, ದಾರಿಯಲ್ಲಿ ಹೋಗುವವನು, ಹೆಸರು ಗೊತ್ತಿಲ್ಲ, ನಾನಿನ್ನೂ ಬೆಂಚಿನ ಮೇಲೇ, ಗೋಡೆ, ಬಗ್ಗಿದ ಕತ್ತು, ಬೆರಳಲ್ಲಿ ಮುದ್ದೆ, ಬಾಯಿಗೆ ಇನ್ನೊಂದು ಗೇಣು, ಆ ಕೈ ಅಲ್ಲೇ ನಿಂತಿದೆ