ಬಟ್ಟಲ ಗುರುತು

ಮಹೇಶ ಬೈಕಿಗೆ ಸ್ಟ್ಯಾಂಡ್ ಕೂಡ ಹಾಕಲಿಲ್ಲ. ಅದನ್ನು ಹಾಗೇ ಹೊಗೆಸೊಪ್ಪಿನ ರಾಶಿಗೆ ಒರಗಿಸಿ, ಸೊಪ್ಪು ಒಣಗಿಸುವ ಬ್ಯಾರನ್ನಿನ ಬಾಗಿಲಲ್ಲಿ ನಿಂತಿದ್ದ ಭಾವನ ಕೊರಳಪಟ್ಟಿಗೆ ಕೈ ಹಾಕಿದ.

"ನಮ್ಮಕ್ಕನ ಬೆನ್ನಿಗೆ ಏನ್ಲಾ ಮಾಡಿದ್ದೀಯ?"

ಎಂದೂ ಬಹುವಚನ ಬಿಡದ ಭಾವಮೈದನ ಬಾಯಲ್ಲಿ 'ಲಾ' ಕೇಳಿ ನಟರಾಜು ಬೆಪ್ಪಾದ. "ಯಾವ ಬೆನ್ನು?"

"ಪಕ್ಕದ್ಮನೆ ರುಕ್ಮಿಣಮ್ಮ ಫೋನ್ ಮಾಡಿದ್ಲು. ಅಕ್ಕ ನೀರುಯ್ಕೊಳೋವಾಗ ನೋಡವ್ಳೆ. ಲೋಟದ ಬಾಯಗ್ಲ ಕಪ್ಪಗೆ, ಒಂದಲ್ಲ ಎರಡಲ್ಲ. ಕಾಯ್ಸಿ ಇಕ್ಕಿದ್ದೀಯೇನ್ಲಾ?"

ಸೊಪ್ಪು ಕಟ್ಟುತ್ತಿದ್ದ ಚಿಕ್ಕಬೀರಮ್ಮ ದಾರ ಬಿಟ್ಟು ಎದ್ದಳು. "ಅಯ್ಯೋ ಪಾಪಿ, ನನ್ ಮಗ ಇವತ್ಗಂಟ ಎಂಡ್ರು ಮೇಲೆ ಕೈ ಎತ್ತಿದೋನಲ್ಲ ಕಣೋ!"

ಮುದುಕಿ ಹೇಳಿದ್ದು ನಿಜ. ನಟರಾಜು ಹೊಡೆಯುವವನಲ್ಲ. ಬ್ಯಾರನ್ನಿನೊಳಗೆ ಮೇಲಿನ ಗಳುಗಳ ಮೇಲೆ ಕಾಲಗಲಿಸಿ ನಿಂತು "ಊಂ, ಕೊಡು, ಕೊಡು" ಅನ್ನುವವನು. ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ತಲೆಯ ಮೇಲೆ ಎತ್ತೆತ್ತಿ ಅವನಿಗೆ ಕೊಡುವವಳು ಹೆಂಡತಿ ರಾಧಾ. ಅವಳ ಬಲಭುಜದೊಳಗೆ ಯಾರೋ ಮೊಳೆ ತಿರುಗಿಸುತ್ತಿದ್ದಾರೆ ಅನ್ನಿಸತೊಡಗಿ ವರ್ಷಗಳಾಗಿದ್ದವು. ಗಂಡ ಮುಲಾಮು ತಂದುಕೊಟ್ಟ. ಗೌರಿ ಹಬ್ಬಕ್ಕೆ ಬಾಗಿನ ತಂದ ತಮ್ಮ, "ವಯಸ್ಸಾಯ್ತು ಕಣಕ್ಕ" ಎಂದು ನಕ್ಕು ಹೋಳಿಗೆ ತಿಂದು ಹೋದ.

ನಿನ್ನೆ ಸಂತೆಯ ನೆಪ ಹೇಳಿ ಕಂಪಲಾಪುರಕ್ಕೆ ಹೋಗಿದ್ದಳು. ಅಂಗಡಿಯೊಂದರ ಮಹಡಿಯಲ್ಲಿ ನೋವಿಗೆ ಬಟ್ಟಲು ಹಾಕುವ ರಮ್ಯಾ ಎಂಬ ಹುಡುಗಿ ಬೆನ್ನಿಗೆ ಎಣ್ಣೆ ಸವರಿ, ಬಟ್ಟಲುಗಳನ್ನು ಕವುಚಿಟ್ಟು ಗಾಳಿ ಎಳೆದಳು. ಚರ್ಮ ಉಬ್ಬಿ ಬಟ್ಟಲೊಳಗೆ ಏರಿತು. ಮೊದಲು ಬಿಗಿ, ಆಮೇಲೆ ಬಿಸಿ, ಆಮೇಲೆ ಎಷ್ಟೋ ಕಾಲದ ಮೇಲೆ ಭುಜ ಸಡಿಲಾಗಿ ಮಂಚಕ್ಕೆ ತಾಗಿತು. "ಕಪ್ಪಗಾಗತ್ತೆ, ಹೆದರಬೇಡಿ, ಒಂದೆರಡು ವಾರದಲ್ಲಿ ಹೋಗತ್ತೆ" ಅಂದಿದ್ದಳು ಹುಡುಗಿ. "ನೀರು ಚೆನ್ನಾಗಿ ಕುಡೀರಿ. ಎರಡು ದಿನ ಭಾರ ಎತ್ತಬೇಡಿ. ಎತ್ತೋದನ್ನ ಕಡಿಮೆ ಮಾಡದೆ ಇದ್ರೆ ಎಷ್ಟು ಸಲ ಹಾಕಿದ್ರೂ ನೋವು ವಾಪಸ್ ಬರತ್ತೆ, ಸುಳ್ಳು ಹೇಳಲ್ಲ."

ಎರಡು ದಿನ. ಬೆಳಿಗ್ಗೆ ಅದನ್ನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ನಟರಾಜು ಗಾಡಿಯಿಂದ ಸೊಪ್ಪು ಇಳಿಸುತ್ತಿದ್ದ.

"ನಡಿಯಕ್ಕ, ಹಾರನಹಳ್ಳಿಗೆ ಹೋಗವ. ಇವನ ಮನೇಲಿ ಇನ್ನೊಂದು ಗಳಿಗೆ ಇರಬ್ಯಾಡ" ಎಂದು ಮಹೇಶ ಸೊಪ್ಪಿನ ರಾಶಿಯ ಪಕ್ಕ ನಿಂತಿದ್ದ ರಾಧಾಳತ್ತ ಕೂಗಿದ.

ಸುಮ್ಮನಿದ್ದರೆ ಸಾಕಿತ್ತು. ತವರಿನ ಚಾಪೆ, ಎತ್ತಬೇಕಾದ್ದೇನೂ ಇಲ್ಲದ ಎರಡು ದಿನ. ಅವಳು ಸುಮ್ಮನಿದ್ದಳು. ತಮ್ಮನ ಕೈ ಗಂಡನ ಕೆನ್ನೆಗೆ ಬಿತ್ತು. ಅವಳಿಗೆ ಮರುಕ ಹುಟ್ಟಲಿಲ್ಲ. ಕೈ ಎರಡನೇ ಸಲ ಎದ್ದಾಗ ಅಂದಳು:

"ಬುಡು. ಅವ್ರು ಒಡ್ದಿಲ್ಲ. ಭುಜ ನೋಯ್ತದೆ ಅಂತ ನಾನೇ ಬಟ್ಟಲು ಹಾಕಿಸ್ಕಂಡೆ."

ಮಹೇಶನ ಕೈ ಗಾಳಿಯಲ್ಲೇ ನಿಂತಿತು. "ಎಲ್ಲಿ?"

"ಕಂಪಲಾಪುರದಲ್ಲಿ, ಒಂದು ಅಂಗಡಿ ಮಹಡೀಲಿ."

"ಹಾಕ್ದೋರು ಗಂಡಸಾ, ಎಂಗಸಾ?"

"ಎಂಗ್ಸು."

"ಅಂಗಡಿ ಮಹಡೀಲಿ ರವಿಕೆ ಬಿಚ್ಚಿ ಮಲಗಿದ್ಯಾ? ನಾಚಿಕೆ ಆಗಕಿಲ್ವ?"

"ಸಂತೆಗೆ ಅಂತ ಹೇಳೋಗಿದ್ಲು ಕಣಪ್ಪ" ಎಂದ ನಟರಾಜು, ಕೆನ್ನೆ ಒತ್ತಿಕೊಳ್ಳುತ್ತ. "ನಂಗೂ ಈಗ್ಲೇ ಗೊತ್ತಾಗ್ತಿರೋದು."

"ನಿನ್ನಿಂದ ದೇವರಂಥ ಭಾವನ ಮೇಲೆ ಕೈ ಮಾಡ್ದೆನಲ್ಲೇ!" ಮಹೇಶ ಭಾವನ ಕೊರಳಪಟ್ಟಿಯನ್ನು ತಾನೇ ಸರಿಮಾಡಿದ. "ಕ್ಷಮಿಸ್ಬುಡಿ ಭಾವ."

"ಬುಡಪ್ಪ, ರಕ್ತ ಸಂಬಂಧ. ಸಿಟ್ಟು ಬತ್ತದೆ."

"ಕಾಪಿ ಕಾಸ್ತೀನಿ ಇರ್ರಪ್ಪ" ಎಂದಳು ಚಿಕ್ಕಬೀರಮ್ಮ. ಇಬ್ಬರೂ ಗಂಡಸರು ಪಕ್ಕಪಕ್ಕ ನಿಂತು ರಾಧಾಳನ್ನು ನೋಡಿದರು. ಬೆನ್ನು ಹೇಗಿದೆ ಎಂದು ಯಾರೂ ಕೇಳಲಿಲ್ಲ.

"ಸೊಪ್ಪು ಬಾಡ್ತಾ ಅದೆ. ಕಡ್ಡಿ ಕೊಡು ಬಾ" ಎಂದ ನಟರಾಜು, ಬ್ಯಾರನ್ನಿನ ಗಳು ಹತ್ತುತ್ತ.

"ಕೊಡಕಿಲ್ಲ."

"ಏನು?"

"ಎರಡು ದಿನ ಎತ್ತಕಿಲ್ಲ."

"ಇವತ್ತು ತುಂಬಿ ಬೆಂಕಿ ಹಾಕ್ಲಿಲ್ಲ ಅಂದ್ರೆ ಅಷ್ಟೂ ಕೊಳೀತದೆ ಕಣೇ!"

"ಕೊಳೀಲಿ."

"ಅಕ್ಕ, ಯಾಕಿಂಗೆ ಆಡ್ತೀಯ?" ಮಹೇಶ ದನಿ ತಗ್ಗಿಸಿ ಬುದ್ಧಿ ಹೇಳುವವನಂತೆ ಹತ್ತಿರ ಬಂದ.

"ಅವ್ರು ಒಡ್ದಿದ್ರೆ ನೀನು ಗಾಡಿ ಮೇಲೆ ಕೂರಿಸ್ಕಂಡು ಹೋಗ್ತಿದ್ದೆ. ಬರೀ ನೋವು ಅಂದ್ರೆ ಕಡ್ಡಿ ಎತ್ತು ಅಂತೀಯ. ತಗೊ." ಸೊಪ್ಪು ತುಂಬಿದ ಕಡ್ಡಿಯನ್ನು ಅವನ ಎದೆಗೆ ಒತ್ತಿದಳು. "ನೀನೇ ಎತ್ತು."

ಅವನ ಬಿಳಿ ಇಸ್ತ್ರಿ ಅಂಗಿಗೆ ಸೊಪ್ಪಿನ ಅಂಟು ಮೆತ್ತಿತು. ರಾಧಾ ತಿರುಗಿ ನೋಡದೆ ಜಗಲಿಗೆ ಹೋಗಿ, ಒಂದು ಚೊಂಬು ನೀರು ಗಟಗಟನೆ ಕುಡಿದು, ಚಾಪೆಯ ಮೇಲೆ ಬೋರಲು ಮಲಗಿದಳು. ಬೆನ್ನು ಉರಿಯುತ್ತಿತ್ತು. ಒಳಗಿನಿಂದ ಚಿಕ್ಕಬೀರಮ್ಮನ ಬೈಗುಳ ಕೇಳಿಬಂತು, ಯಾರಿಗೆಂದು ತಿಳಿಯಲಿಲ್ಲ.

ಮಲಗಿದಲ್ಲಿಂದ ಬ್ಯಾರನ್ನಿನ ಬಾಗಿಲಷ್ಟೇ ಕಾಣುತ್ತಿತ್ತು. "ಇನ್ನೂ ಮೇಲಕ್ಕೆ, ಇನ್ನೂ ಮೇಲಕ್ಕೆ" ಎನ್ನುತ್ತಿದ್ದ ನಟರಾಜು. ಕತ್ತಲೊಳಗೆ ಎರಡು ಬಿಳಿ ಅಂಗಿತೋಳುಗಳು ಕಡ್ಡಿಯನ್ನು ತಲೆಯ ಮೇಲೆ ಎತ್ತಿ, ಅರ್ಧದಲ್ಲೇ ನಡುಗುತ್ತ ನಿಂತಿದ್ದವು. ಅವಳು ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದಳು.