ಜೇಬಿನಲ್ಲಿ ಬೆಚ್ಚಗಿದ್ದ ಬೋಲ್ಟು

ನನ್ನ ಗಂಡ ಎಂಡ್ರೆ ಸುನ್ನಿವಾಳ ಕೈ ಅಳೆದದ್ದು ಆಗಸ್ಟಿನ ಒಂದು ಮಧ್ಯಾಹ್ನ. ನಾನು ಔಷಧದಂಗಡಿಯಿಂದ ಊಟಕ್ಕೆ ಮನೆಗೆ ಬಂದಿದ್ದೆ. ಅಂಗಳದಾಚೆ ಅವನ ಬಂದೂಕು ರಿಪೇರಿಯ ಶೆಡ್ಡು. ಬಾಗಿಲು ತೆರೆದಿತ್ತು. ಎಂಡ್ರೆ ಅವಳಿಗೆ ಮೊಣಕೈ ಮಡಿಸಿ ನಿಲ್ಲಲು ಹೇಳಿ, ಮಡಿಕೆಯಿಂದ ತೋರುಬೆರಳಿನ ತುದಿಯ ಗೆಣ್ಣಿನವರೆಗೆ ಅಳತೆಪಟ್ಟಿ ಹಿಡಿದಿದ್ದ. ಭುಜಕ್ಕೆ ಒತ್ತುವ ಹಿಡಿ ಎಷ್ಟು ಉದ್ದವಿರಬೇಕು ಅನ್ನುವುದಕ್ಕೆ ಅದೇ ಲೆಕ್ಕ. ಹದಿನಾರು ವರ್ಷದಿಂದ ಬಂದೂಕು ರಿಪೇರಿಯವನ ಹೆಂಡತಿಯಾಗಿರುವ ನನಗೆ ಅದು ಗೊತ್ತಿರದೆ ಇರುತ್ತದೆಯೇ. ಆದರೆ ನನ್ನ ಕೈಯನ್ನು ಯಾರೂ ಅಳೆದಿರಲಿಲ್ಲ.

"ಮೂವತ್ಮೂರೂವರೆ ಸೆಂಟಿಮೀಟರ್," ಅಂದ ಎಂಡ್ರೆ.

"ಅಷ್ಟೇನಾ? ನನ್ನ ಕೈ ಉದ್ದ ಅಂದ್ಕೊಂಡಿದ್ದೆ."

"ಹಸುವಿನ ಹೊಟ್ಟೆಗೆ ಹಾಕೋಕೆ ಸಾಕಾಗೋಷ್ಟಿದೆ. ಬಂದೂಕಿಗೆ ಮಾತ್ರ ಸಾಲಲ್ಲ. ಹಿಡೀನೇ ಕತ್ತರಿಸಬೇಕು."

ಇಬ್ಬರೂ ನಕ್ಕರು. ನಾನು ಒಳಗೆ ಹೋಗಿ ತಣ್ಣಗಿನ ಆಲೂಗಡ್ಡೆ ತಿಂದು ಕೆಲಸಕ್ಕೆ ವಾಪಸಾದೆ.

ಸುನ್ನಿವಾ ವರ್ಷದ ಹಿಂದೆ ಓಸ್ಲೊದಿಂದ ನಮ್ಮ ರೆಂಡಾಲನ್ ಕಣಿವೆಗೆ ದನದ ಡಾಕ್ಟರಾಗಿ ಬಂದವಳು. ನಮ್ಮ ಬೇಟೆ ತಂಡದ ಮುಖ್ಯಸ್ಥ ಹಾಲ್ಗೈರ್‌ನ ಹಸು ಕಷ್ಟದ ಹೆರಿಗೆಯಲ್ಲಿ ಸಾಯುವುದನ್ನು ತಪ್ಪಿಸಿದಳು. ಅದೇ ವಾರ ಅವನು ಅವಳನ್ನು ತಂಡಕ್ಕೆ ಸೇರಿಸಿಕೊಂಡ. ನನಗೆ ಆ ಜಾಗ ಸಿಗಲು ಎಂಡ್ರೆಯನ್ನು ಮದುವೆಯಾಗಬೇಕಾಗಿ ಬಂದಿತ್ತು.

ಅವಳು ಬೇಟೆಗಾರರ ಪರೀಕ್ಷೆ ಪಾಸಾಗಿದ್ದಳು; ಬಂದೂಕು ಇರಲಿಲ್ಲ. ಎರಡು ವಾರ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅವಳ ಬಂದೂಕಿನದೇ ಮಾತು. ಅವಳಿಗೆ ಆಕ್ರೋಡು ಮರದ ಹಿಡಿ ಇದ್ದದ್ದೇ ಬೇಕಿತ್ತು, ನನ್ನದರ ಹಾಗೆ. ನನ್ನ ಬಂದೂಕು ಗೋಡೆಯ ಕಬ್ಬಿಣದ ಕಪಾಟಿನಲ್ಲಿತ್ತು. ಎಂಡ್ರೆಯ ಅಪ್ಪನದು, ಮದುವೆಯ ವರ್ಷ ನನಗೆ ಕೊಟ್ಟದ್ದು.

"ಮರ ನೋಡೋಕೆ ಚೆಂದ," ಅಂದ ಎಂಡ್ರೆ. "ಆದ್ರೆ ನಮ್ಮೂರಿನ ಅಕ್ಟೋಬರ್‌ಗೆ ಕಣ್ಣಿಲ್ಲ."

ಮೂರು ದಿನ ಮಳೆ ಹಿಡಿದರೆ ಮರ ಉಬ್ಬಿ ನಳಿಗೆಯನ್ನು ಒತ್ತುತ್ತದೆ, ಗುಂಡು ಒಂದು ಅಂಗೈಯಷ್ಟು ಪಕ್ಕಕ್ಕೆ ಹೋಗುತ್ತದೆ ಎಂದು ವಿವರಿಸಿದ. ತುಕ್ಕು ಹಿಡಿಯದ ಉಕ್ಕಿನ ನಳಿಗೆ, ಗಾಜಿನ ನಾರಿನ ಹಿಡಿ, ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚಲು, ಕೈಗವಸು ಹಾಕಿದ್ದರೂ ಎಳೆಯಬಹುದಾದ ದಪ್ಪ ಬೋಲ್ಟು. ಮಳೆಗೂ ಮಂಜಿಗೂ ಅದೊಂದೇ ಸರಿ ಎಂದ. ತೋಟಾ ಮಾತ್ರ ನಮ್ಮಜ್ಜಂದಿರು ಬಳಸಿದ ಆರೂವರೆ ಮಿಲಿಮೀಟರಿನದೇ, ಒದೆತ ಕಡಿಮೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಕಾಫಿ ಬಗ್ಗಿಸುತ್ತ ನಾನು ಮನಸ್ಸಿನಲ್ಲೇ ಕೇಳಿಕೊಂಡೆ: ನನ್ನ ಬಂದೂಕು ಹದಿನಾರು ಅಕ್ಟೋಬರ್ ಉಬ್ಬಿದೆಯಲ್ಲ, ಆಗ ಇವನ ಕಣ್ಣು ಎಲ್ಲಿತ್ತು?

ಅದು ನನಗೆ ಉದ್ದ ಕೂಡ. ಒಂದೂವರೆ ಬೆರಳಿನಷ್ಟು. ಗುರಿ ಹಿಡಿಯಲು ಕತ್ತು ಚಾಚಬೇಕು. ಪ್ರತಿ ಬೇಟೆಯ ನಂತರ ಹೆಗಲೆಲುಬಿನ ಹತ್ತಿರ ಒಂದು ನೀಲಿ ಗುರುತು ಉಳಿಯುತ್ತದೆ. ಮೊದಲು ನಾಚಿಕೆಯಿಂದ ಹೇಳಲಿಲ್ಲ. ಆಮೇಲೆ, ಅವನೇ ನೋಡಿ ಕೇಳಲಿ ಎಂದು ಹೇಳಲಿಲ್ಲ.

ಸುನ್ನಿವಾಳ ಬಂದೂಕು ಬಂದ ಮೇಲೆ ಸೆಪ್ಟೆಂಬರಿಡೀ ಎಂಡ್ರೆ ಶೆಡ್ಡಿನಲ್ಲೇ ಇದ್ದ. ಉಕ್ಕಿನ ಮೈ ಹಿಡಿಯೊಳಗೆ ಕೂದಲೆಳೆಯಷ್ಟೂ ಅಲುಗದಂತೆ ರಾಳ ಸುರಿದು ಕೂರಿಸಿದ. ನಳಿಗೆಗೂ ಹಿಡಿಗೂ ನಡುವೆ ಕಾಗದದ ಪಟ್ಟಿ ತೂರಿಸಿ, ಎಲ್ಲಿಯೂ ಸಿಕ್ಕಿಕೊಳ್ಳದೆ ತುದಿಯವರೆಗೂ ಜಾರುತ್ತದೆಯೇ ಎಂದು ನೋಡಿದ. ಟ್ರಿಗರ್ ಗಡಸಾಗಿತ್ತು; ಅದರ ಸ್ಪ್ರಿಂಗನ್ನು ಹಗುರ ಮಾಡುತ್ತ, ಮೀನು ತೂಗುವ ಕೊಕ್ಕೆತಕ್ಕಡಿಯಲ್ಲಿ ಎಳೆದೆಳೆದು ಒಂದು ಕಿಲೋ ಇನ್ನೂರು ಗ್ರಾಮಿಗೆ ತಂದು ನಿಲ್ಲಿಸಿದ. ಮೂರು ಬಗೆಯ ತೋಟಾ ಹೊಡೆದು ನೋಡಿದ. ಕೊನೆಗೆ ಬಂದೂಕನ್ನು ಹೊಳೆಯಲ್ಲಿ ಮುಳುಗಿಸಿ ತೆಗೆದು, ನೀರು ಬಸಿದು, ಸುನ್ನಿವಾಳ ಕೈಗೆ ಕೊಟ್ಟ. ನೂರು ಮೀಟರಿನಲ್ಲಿ ಅವಳ ಮೂರು ಗುಂಡುಗಳು ಒಂದು ಕಾಫಿ ಬಟ್ಟಲಿನ ಬಾಯಿಯಷ್ಟು ಜಾಗದೊಳಗೆ ಬಿದ್ದವು. ಆ ಗುರಿಯ ಕಾಗದವನ್ನು ಅವನು ಶೆಡ್ಡಿನ ಗೋಡೆಗೆ ಅಂಟಿಸಿದ.

ಅವಳು ಹನ್ನೊಂದು ಸಲ ಬಂದುಹೋದಳು. ಅಡುಗೆಮನೆಯ ಕಿಟಕಿಯಿಂದ ಎಲ್ಲವೂ ಕಾಣುತ್ತದೆ.

"ಇನ್ನೂ ಮುಗಿಲಿಲ್ವಾ ಅವಳದು?" ಎಂದು ಒಂದು ದಿನ ಕೇಳಿದೆ.

"ಮುಗಿಯೋದಲ್ಲ ಗುನ್ವೋರ್, ಹದಕ್ಕೆ ಬರ್ತಿದೆ," ಅಂದ. ಅವನ ಮುಖದಲ್ಲಿದ್ದ ಸಂತೋಷವನ್ನು ನಾನು ಯಾವ ವರ್ಷ ಕೊನೆಯದಾಗಿ ನೋಡಿದ್ದೆ ಎಂದು ಯೋಚಿಸಿದೆ. ನೆನಪಾಗಲಿಲ್ಲ.

ಮೂಸ್ ಎಂಬ ಭಾರೀ ಕಾಡುಜಿಂಕೆಯ ಬೇಟೆ ಅಕ್ಟೋಬರ್ ಐದಕ್ಕೆ ಶುರುವಾಯಿತು. ನಾವು ಎಂಟು ಜನ ಬೆಟ್ಟದ ಮೇಲಿನ ಮರದ ಗುಡಿಸಲಿನಲ್ಲಿ ಉಳಿದುಕೊಂಡೆವು. ಬೆಳಿಗ್ಗೆ ಹಾಲ್ಗೈರ್‌ನ ಟೋಪಿಯಿಂದ ಚೀಟಿ ಎತ್ತಿ ಯಾರು ಯಾವ ಕಾವಲಿಗೆ ಎಂದು ತೀರ್ಮಾನ. ಎಂಡ್ರೆ ನಾಯಿ ಹಿಡಿದು ಕಾಡಿನೊಳಗೆ ಹೋಗುತ್ತಾನೆ, ಉಳಿದವರು ಕಾಯುತ್ತೇವೆ. ಗುರಿ ತಪ್ಪಿದವರು ಕೊನೆಯ ದಿನ ಎಲ್ಲರಿಗೂ ಕೇಕು ಮಾಡಿ ತರಬೇಕು. ಕೇಕಿನ ಋಣ ತೀರಿಸದವರ ಚೀಟಿ ಮುಂದಿನ ವರ್ಷ ಟೋಪಿಗೆ ಬೀಳುವುದಿಲ್ಲ.

ಇನ್ನೊಂದು ಪದ್ಧತಿ ಬೋಲ್ಟಿನದು. ಸಂಜೆ ಬಂದ ಕೂಡಲೇ ಎಲ್ಲರೂ ಬೋಲ್ಟು ಕಳಚಿ, ಬೆಂಕಿಯಿಲ್ಲದ ಹೊರಚಾವಡಿಯ ಗೋಡೆಯಲ್ಲಿರುವ ಬೀಗದ ಪೆಟ್ಟಿಗೆಯಲ್ಲಿ ತಮ್ಮ ತಮ್ಮ ಗೂಟಕ್ಕೆ ಸಿಕ್ಕಿಸುತ್ತಾರೆ. ಬಂದೂಕೂ ಚಳಿಯಲ್ಲೇ, ಬೋಲ್ಟೂ ಚಳಿಯಲ್ಲೇ. ಹೊರಗಿನ ಚಳಿ ಹೊತ್ತ ಉಕ್ಕು ಒಳಗಿನ ಹಬೆಗೆ ಬಂದರೆ ಬೆವರುತ್ತದೆ; ಮರುದಿನ ಆ ಬೆವರು ಬೋಲ್ಟಿನ ಹೊಟ್ಟೆಯಲ್ಲಿ ಹೆಪ್ಪುಗಟ್ಟಿ, ತೋಟಾವನ್ನು ಚುಚ್ಚಿ ಸಿಡಿಸುವ ಒಳಗಿನ ಸೂಜಿಯನ್ನು ಹಿಡಿದುಕೊಳ್ಳುತ್ತದೆ. ಇದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುತ್ತದೆ.

ಸುನ್ನಿವಾ ಇಲ್ಲಿ ಹುಟ್ಟಿದವಳಲ್ಲ. ಬೋಲ್ಟು ಯಾವತ್ತೂ ಮೈಮೇಲಿರಬೇಕು ಎಂದು ಓಸ್ಲೊದಲ್ಲಿ ಅವಳಿಗೆ ಯಾರೋ ಕಲಿಸಿದ್ದರು. ಅವಳು ಅದನ್ನು ಸ್ವೆಟರಿನ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದಳು. ಮೊದಲ ಮೂರು ದಿನ ಮಳೆ, ಹೊರಗೂ ಒಳಗೂ ಒಂದೇ ತೇವ, ಹೆಪ್ಪುಗಟ್ಟುವಷ್ಟು ಚಳಿಯಿಲ್ಲ, ಏನೂ ಆಗಲಿಲ್ಲ. ಯಾರೂ ಗಮನಿಸಲೂ ಇಲ್ಲ. ನಾನು ಮೊದಲ ದಿನವೇ ಗಮನಿಸಿದ್ದೆ.

ನಾಲ್ಕನೆಯ ದಿನ ಮೋಡ ಹರಿದು ಗಾಳಿ ಉತ್ತರಕ್ಕೆ ತಿರುಗಿತು. ಸಂಜೆ ನಾವು ಬಂದಾಗ ಬಾವಿಯ ಬಕೆಟಿನ ನೀರಿನ ಮೇಲೆ ಮಂಜುಗಡ್ಡೆಯ ಪೊರೆ ಕಟ್ಟಿತ್ತು. ಒಳಗೆ ಒಲೆಯ ಮೇಲೆ ಕುರಿ ಮಾಂಸ ಕೋಸು ಬೇಯುತ್ತಿತ್ತು, ತಂತಿಯ ಮೇಲೆ ಹದಿನಾರು ಒದ್ದೆ ಕಾಲುಚೀಲ. ಕಿಟಕಿಯ ಗಾಜಿನಿಂದ ನೀರಿಳಿಯುತ್ತಿತ್ತು. ಸುನ್ನಿವಾ ಜೇಬಿನಿಂದ ಬೋಲ್ಟು ತೆಗೆದಳು. ಅದು ಮಂಜು ಕವಿದ ಕನ್ನಡಿಯ ಹಾಗೆ ಬೆಳ್ಳಗಾಗಿತ್ತು. ತೋಳಿನಿಂದ ಒರೆಸಿ ಮತ್ತೆ ಜೇಬಿಗೆ ಹಾಕಿಕೊಂಡಳು.

ಒಂದು ವಾಕ್ಯ ಸಾಕಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಅಷ್ಟರಲ್ಲಿ ನಾಯಿಗೆ ಊಟ ಹಾಕಿ ಬಂದ ಎಂಡ್ರೆ, ಒಲೆಯ ಪಕ್ಕದ ತನ್ನ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟ. "ಕೂತ್ಕೋ, ನಿನ್ನ ಬೆರಳು ನಾಳೆ ಬೇಕು," ಅಂದ. ನನ್ನ ಬೆರಳುಗಳೂ ಮರಗಟ್ಟಿದ್ದವು. ನಾನು ತಟ್ಟೆಗಳನ್ನು ಜೋಡಿಸಲು ಎದ್ದೆ.

ಬೆಳಿಗ್ಗೆ ಶೂನ್ಯಕ್ಕಿಂತ ಹನ್ನೊಂದು ಡಿಗ್ರಿ ಕೆಳಗೆ. ಚೀಟಿಯಲ್ಲಿ ಸುನ್ನಿವಾಳಿಗೆ ಬಂದದ್ದು ಬೋಳುಬಂಡೆಯ ಕಾವಲು. ಅಲ್ಲಿ ಕೂರಬೇಕೆಂದು ನಾನು ವರ್ಷ ವರ್ಷ ಹಾರೈಸಿದ್ದೇನೆ. ನನಗೆ ಅದರ ಕೆಳಗಿನ ಜೌಗು. ಮರದ ಸಾಲಿನ ನಡುವೆ ಅವಳ ಕಿತ್ತಳೆ ಟೋಪಿ ನನಗೆ ಕಾಣುತ್ತಿತ್ತು. ನಮಗೆ ಅನುಮತಿ ಉಳಿದಿದ್ದದ್ದು ಒಂದೇ ಒಂದು ದೊಡ್ಡ ಗಂಡು ಮೂಸ್‌ಗೆ.

ಒಂಬತ್ತೂವರೆಗೆ ನಾಯಿ ಬೊಗಳಿತು. ಆಮೇಲೆ ಗಂಡು ಮೂಸ್ ಹೊರಬಂತು. ಕೊಂಬಿನ ಮೇಲೆ ಮಂಜಿನ ಪುಡಿ, ನಡಿಗೆಯಲ್ಲಿ ಯಾವ ಅವಸರವೂ ಇಲ್ಲ. ಬೋಳುಬಂಡೆಯ ಮುಂದೆ, ಅರವತ್ತು ಮೀಟರಿನಲ್ಲಿ, ಪಕ್ಕ ತಿರುಗಿ ನಿಂತಿತು. ಟೋಪಿ ನಿಧಾನವಾಗಿ ಬಾಗಿತು. ಆ ಒಂದು ಕ್ಷಣ ನಾನು ಏನು ಬಯಸಿದೆ ಎಂಬುದನ್ನು ಬರೆಯಬೇಕಾದರೆ ಪ್ರಾಮಾಣಿಕವಾಗಿ ಬರೆಯಬೇಕು. ಸಿಡಿಯದಿರಲಿ ಎಂದು ಬಯಸಿದೆ.

ಸಿಡಿಯಲಿಲ್ಲ. ಚಳಿಗಾಳಿಯಲ್ಲಿ ಕಡ್ಡಿ ಮುರಿದಂಥ ಒಂದು ಸದ್ದು ಮಾತ್ರ. ಮೂಸ್ ಕಿವಿ ತಿರುಗಿಸಿತು, ಎರಡು ಹೆಜ್ಜೆಗೆ ಕಾಡು ಸೇರಿತು. ಸುನ್ನಿವಾ ಗಾಬರಿಯಾಗಿ ಬೋಲ್ಟು ಎಳೆಯಲಿಲ್ಲ. ತೋಟಾ ತಡವಾಗಿ ಸಿಡಿಯಬಹುದೆಂದು ನಳಿಗೆಯನ್ನು ನೆಲದ ಕಡೆಗೆ ಹಿಡಿದು, ನಿಯಮದಂತೆ ಪೂರ್ತಿ ಒಂದು ನಿಮಿಷ ಕಾದಳು. ಅವಳು ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಮಧ್ಯಾಹ್ನ ಗುಡಿಸಲಿನಲ್ಲಿ ಎಂಡ್ರೆ ಬೋಲ್ಟನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಅಷ್ಟು ಹೊತ್ತಿಗೆ ಅದು ಒಲೆಯ ಬಿಸಿಯಲ್ಲಿ ಅರ್ಧ ಗಂಟೆ ಇತ್ತು. ಹೆಪ್ಪು ಕರಗಿ, ಎಣ್ಣೆಯ ಜೊತೆ ಬೆರೆತು, ಬಟ್ಟೆಯ ಮೇಲೆ ಒಂದು ಸಾಮಾನ್ಯ ಕಲೆಯಾಗಿತ್ತು. ಅವನು ತೋಟಾದ ತಳವನ್ನು ಬೆಳಕಿಗೆ ಹಿಡಿದ. ಸೂಜಿ ಚುಚ್ಚಿದ ಗುರುತು ಮಸುಕಾಗಿತ್ತು, ಮಗುವಿನ ಉಗುರು ಒತ್ತಿದಷ್ಟೇ.

"ಸೂಜಿ ಜೋರಾಗಿ ಬಿದ್ದಿಲ್ಲ," ಅಂದ. "ಟ್ರಿಗರ್ ಹಗುರ ಮಾಡೋವಾಗ ನಾನೇ ಎಲ್ಲೋ ಎಡವಿದ್ದೀನಿ."

"ಹಾಗಾದ್ರೆ ಕೇಕು ಎಂಡ್ರೆದು," ಅಂದ ಹಾಲ್ಗೈರ್. "ಹೊಳೇಲಿ ಸ್ನಾನ ಮಾಡಿಸಿದ್ದು ಸಾಲದು ಅಂತ ಕಾಣುತ್ತೆ, ಸೋಪೂ ಹಾಕಬೇಕಿತ್ತು."

ಎಲ್ಲರೂ ನಕ್ಕರು, ಎಂಡ್ರೆ ನಗಲಿಲ್ಲ. ಅವನು ಫೋನು ತೆಗೆದು ಹೆಸರು ಹುಡುಕತೊಡಗಿದ. ಈ ವರ್ಷ ಕಣಿವೆಯ ಬೇರೆ ಬೇರೆ ತಂಡಗಳ ನಾಲ್ವರಿಗೆ ಅವನು ಟ್ರಿಗರ್ ಸರಿ ಮಾಡಿಕೊಟ್ಟಿದ್ದ. ಅವರಿಗೆಲ್ಲ ಬೇಟೆ ನಿಲ್ಲಿಸಿ, ಬಂದೂಕು ವಾಪಸು ತನ್ನಿ, ನನ್ನ ಕೆಲಸದಲ್ಲಿ ದೋಷವಿದೆ ಎಂದು ಹೇಳುವವನಿದ್ದ. ಸಂಜೆಯೊಳಗೆ ಕಣಿವೆಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಬಂದೂಕು ರಿಪೇರಿಯವನ ಹೆಸರು ಒಂದು ಸಲ ಹೋದರೆ ಶೆಡ್ಡಿಗೆ ಬೀಗ ಹಾಕಬೇಕಾಗುತ್ತದೆ. ಸುನ್ನಿವಾ ಅವನ ಎದುರು ಕೂತು, ನಾನೇ ಏನೋ ತಪ್ಪು ಮಾಡಿರಬೇಕು ಎನ್ನುತ್ತಿದ್ದಳು. ಏನು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವನು ಫೋನನ್ನು ಕಿವಿಗಿಟ್ಟ.

"ಇಡು ಅದನ್ನ," ಅಂದೆ. "ಕೇಕು ನನ್ನದು."

ಎಲ್ಲರೂ ನನ್ನ ಕಡೆ ತಿರುಗಿದರು. ಬೋಲ್ಟು ರಾತ್ರಿಯಿಡೀ ಸುನ್ನಿವಾಳ ಸ್ವೆಟರಿನ ಜೇಬಿನಲ್ಲಿತ್ತು, ಒಲೆಯ ಪಕ್ಕ ಬೆವರಿತ್ತು, ಅದನ್ನು ನಾನು ನೋಡಿದೆ, ಹೆಪ್ಪುಗಟ್ಟುತ್ತದೆ ಎಂದು ಗೊತ್ತಿದ್ದೂ ಸುಮ್ಮನಿದ್ದೆ ಎಂದು ಹೇಳಿದೆ. ಔಷಧದ ಚೀಟಿ ಓದಿದಷ್ಟು ಒಣಗಿದ ದನಿಯಲ್ಲಿ ಹೇಳಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಹೆಚ್ಚು ಕಷ್ಟವಾಯಿತು.

"ಹೇಳಬಹುದಿತ್ತಲ್ಲ, ಗುನ್ವೋರ್," ಅಂದಳು ಸುನ್ನಿವಾ. ಸಿಟ್ಟಿರಲಿಲ್ಲ ಅದರಲ್ಲಿ. ಅವಳು ನಿಜವಾಗಿಯೂ ಅರ್ಥಮಾಡಿಕೊಳ್ಳಲು ನೋಡುತ್ತಿದ್ದಳು.

ಎಂಡ್ರೆ ಬೋಲ್ಟನ್ನು ಒರೆಸಿ, ಜೋಡಿಸಿ, ಹೊರಚಾವಡಿಗೆ ಹೋಗಿ ಪೆಟ್ಟಿಗೆಯ ಖಾಲಿ ಗೂಟಕ್ಕೆ ಸಿಕ್ಕಿಸಿದ. ನಾನೂ ಹಿಂದೆ ಹೋದೆ. ಅಲ್ಲಿ ನನ್ನ ಬಂದೂಕು ಗೋಡೆಗೊರಗಿ ನಿಂತಿತ್ತು.

"ಇದು ನನಗೆ ಉದ್ದ," ಅಂದೆ. "ಮೊದಲಿನಿಂದಲೂ."

"ಗೊತ್ತು," ಅಂದ. "ಅಪ್ಪನ ಬಂದೂಕು. ಗರಗಸ ಇಡೋಕೆ ಮನಸ್ಸು ಬರಲಿಲ್ಲ. ನೀನಾಗಿ ಕೇಳಿದ್ರೆ ಇಡ್ತಿದ್ದೆ. ನೀನು ಕೇಳಲಿಲ್ಲ, ನಾನು ಸುಮ್ಮನಾದೆ."

ನಾನು ಮೊಣಕೈ ಮಡಿಸಿ ಕೈ ಮುಂದೆ ಹಿಡಿದೆ. ಅವನು ನೋಡಿದ, ಮುಟ್ಟಲಿಲ್ಲ.

"ಈಗ ಬೇಡ. ಈಗ ನನಗೆ ಸಿಟ್ಟು ಬಂದಿದೆ. ಅಳತೆ ತಪ್ಪುತ್ತೆ."

ಕೊನೆಯ ದಿನ ನಾನು ಬಾದಾಮಿ ಕೇಕು ತಂದೆ, ಮೊಟ್ಟೆಯ ಹಳದಿ ಕೆನೆ ಹಚ್ಚಿದ್ದು. ಬೋಲ್ಟಿನ ಪೆಟ್ಟಿಗೆಯಲ್ಲಿ ಎಂಟೂ ಗೂಟ ತುಂಬಿದ್ದವು. ಗಂಡು ಮೂಸ್ ಮತ್ತೆ ಬರಲಿಲ್ಲ. ಆ ಅನುಮತಿ ಹಾಗೇ ಉಳಿಯಿತು. ಹಾಲ್ಗೈರ್ ಮೊದಲ ತುಂಡು ತಿಂದು, ಇಷ್ಟು ಚೆನ್ನಾಗಿ ಮಾಡೋದಾದ್ರೆ ವರ್ಷಕ್ಕೊಂದು ಪಾಪ ಮಾಡು ಮಾರಾಯ್ತಿ ಅಂದ. ಸುನ್ನಿವಾ ಎರಡನೆಯ ತುಂಡು ಕೇಳಿ ತೆಗೆದುಕೊಂಡಳು. ಎಂಡ್ರೆ ಅವಳಿಗೆ ತಟ್ಟೆ ದಾಟಿಸಿದ್ದನ್ನು ನಾನು ನೋಡಿದೆ. ನೋಡುವುದು ಬಿಟ್ಟಿಲ್ಲ ನಾನು.

ಆಮೇಲೆ ಅವನು ನನ್ನ ಪಕ್ಕ ಬಂದು ನಿಂತ.

"ಶನಿವಾರ ಶೆಡ್ಡಿಗೆ ಬಾ. ಬೇಟೆಗೆ ಹಾಕ್ತೀಯಲ್ಲ, ಆ ದಪ್ಪ ಸ್ವೆಟರ್ ಹಾಕ್ಕೊಂಡೇ ಬಾ."

ಮೊದಲಾಗಿದ್ದರೆ ನುಂಗಿಬಿಡುತ್ತಿದ್ದೆ. ಈ ಸಲ ಹೇಳಿಬಿಟ್ಟೆ.

"ಅವಳಿಗೆ ಸ್ವೆಟರ್ ಹಾಕಿಸಿರಲಿಲ್ಲ ನೀನು. ತೆಳು ಅಂಗಿಲಿ ನಿಲ್ಲಿಸಿ ಅಳೆದೆ."

ಎಂಡ್ರೆ ಬೆರಳಿಗಂಟಿದ ಕೆನೆ ನೆಕ್ಕಿದ.

"ಹೂಂ. ಸ್ವೆಟರ್ ಹಾಕಿದ್ಮೇಲೆ ಉದ್ದ ಆಯ್ತು, ಅದಕ್ಕೇ ಅವಳ ಹಿಡಿ ಎರಡೆರಡು ಸಲ ಕತ್ತರಿಸಬೇಕಾಯ್ತು," ಅಂದ. "ಇಲ್ದಿದ್ರೆ ಹನ್ನೊಂದು ಸಲ ಯಾಕೆ ಬರ್ತಿದ್ಲು?"